ಒದ್ದೆ ಹಲ್ಲಿನ ಬಣ್ಣ

"ಐದು ಗಂಟೆಗೆ ವಾರಂಟ್ ಕೈಗೆ ಬರುತ್ತೆ," ಎಂದರು ಇನ್ಸ್‌ಪೆಕ್ಟರ್. "ಈಗ ಮೂರೂ ಹತ್ತು. ಬಾಯಿ ಬಿಡೋದಿದ್ರೆ ಈಗಲೇ ಬಿಡಿ, ಡಾಕ್ಟ್ರೇ. ಇಷ್ಟು ವರ್ಷ ನೀವು ಊರಿಗೆಲ್ಲ ಇದೇ ಮಾತು ಹೇಳಿದ್ದೀರಿ."

ದಂತವೈದ್ಯೆಗೆ ನಗು ಬರಲಿಲ್ಲ. ಆಕೆಯ ಕಣ್ಣು ಉಪಕರಣಗಳ ತಟ್ಟೆಯ ಮೇಲಿತ್ತು. ಅಲ್ಲೊಂದು ಪ್ಲಾಸ್ಟಿಕ್ ಚೀಲ. ಚೀಲದ ಮೇಲೆ ಕೇಸಿನ ಸಂಖ್ಯೆ, ಎರಡು ಸಹಿ, ಅರಗಿನ ಮುದ್ರೆ. ಒಳಗೆ ಒಂದೇ ಒಂದು ಹಲ್ಲು: ಮೇಲ್ದವಡೆಯ ಎಡಗಡೆಯ ಮುಂಬಲ್ಲು, ಬೇರು ಸಮೇತ.

ಮೂರು ವಾರದ ಹಿಂದೆ ಈ ಹಲ್ಲಿನ ಫೋಟೊ ನೋಡಿ, ಹತ್ತಿ ಗೋದಾಮಿನ ಅಟ್ಟದಲ್ಲಿ ಒಣಗಿ ಸಿಕ್ಕ ಹೆಣ ಚಿತ್ರಮಂದಿರದ ಮಾಲೀಕನದೇ ಎಂದು ಆಕೆ ಬರೆದುಕೊಟ್ಟಿದ್ದಳು. ನಿನ್ನೆ ಬೆಳಿಗ್ಗೆ ಅದೇ ಮಾಲೀಕ ಬಂದರಿನ ಕ್ಯಾಮೆರಾದಲ್ಲಿ ಹಡಗಿನ ಟಿಕೆಟ್ ಕೊಳ್ಳುತ್ತ ಕಾಣಿಸಿಕೊಂಡಿದ್ದ.

ಕ್ಲಿನಿಕ್‌ನ ಷಟರ್ ಮೊಣಕಾಲೆತ್ತರಕ್ಕೆ ಇಳಿದಿತ್ತು. ಅದರ ಕೆಳಗೆ ಬೀದಿಯಲ್ಲಿ ಹೋಗಿಬರುವವರ ಚಪ್ಪಲಿ, ಬೂಟು ಮಾತ್ರ ಕಾಣುತ್ತಿದ್ದವು. ಕೆಲವು ಜೋಡಿ ಬಂದು, ಒಂದು ಕ್ಷಣ ನಿಂತು, ಅನುಮಾನಿಸಿ, ಹೊರಟುಹೋಗುತ್ತಿದ್ದವು. ಮಧ್ಯಾಹ್ನ ಬರಲು ಹೇಳಿದ್ದ ಪೇಷಂಟುಗಳು. ಷಟರ್ ಪಕ್ಕ ಸ್ಟೂಲ್ ಹಾಕಿಕೊಂಡು ಮಹಿಳಾ ಪೇದೆ ಕೂತಿದ್ದಳು.

ಹಿಂದಿನ ಗೋಡೆಗೆ ಕಿಟಕಿಯಿರಲಿಲ್ಲ. ಇದ್ದದ್ದು ಒಂದು ಗೂಡು, ಆಚೆ ಬದಿಗೂ ತೆರೆದುಕೊಳ್ಳುವಂಥದ್ದು. ಆಚೆ ಗಂಡನ ಲ್ಯಾಬು. ಈಕೆ ಬಾಯಿಯ ಅಳತೆ ತೆಗೆದು ಅಚ್ಚನ್ನು ಗೂಡಿನಲ್ಲಿಟ್ಟರೆ, ಅವನು ಕಟ್ಟುಹಲ್ಲು ಮಾಡಿ ಅದೇ ಗೂಡಿನಲ್ಲಿಡುತ್ತಿದ್ದ. ಯಾವ ಹಲ್ಲು, ಯಾವ ಬಣ್ಣ ಎಂಬುದೆಲ್ಲ ಚೀಟಿಯಲ್ಲಿ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇಬ್ಬರ ನಡುವೆ ಮಾತಿಗಿಂತ ಚೀಟಿಯೇ ಹೆಚ್ಚು ಓಡಾಡಿತ್ತು. ಅವನ ಪುಟ್ಟ ಮೋಟಾರು ಬೆಳಗಿನಿಂದ ಗುಂಯ್‌ಗುಡುತ್ತಲೇ ಇತ್ತು.

"ನನ್ನ ಕೆಲಸ ಅಂತ ಅನ್ನಿಸಿತು, ಬರೆದುಕೊಟ್ಟೆ," ಎಂದಳು.

"ಎಷ್ಟು ಹೊತ್ತು ನೋಡಿದ್ರಿ?"

"ಹತ್ತು ನಿಮಿಷ."

"ನಿಜ ಹೇಳಿ."

"ಐದು. ಇಬ್ಬರು ಪೇಷಂಟುಗಳ ನಡುವೆ."

"ಎಕ್ಸ್‌ರೇ ಜೊತೆ ಹೋಲಿಸಲಿಲ್ಲ."

"ಎಕ್ಸ್‌ರೇ ಇರಲೇ ಇಲ್ಲ, ಸರ್. ಮಾಲೀಕರ ಹಲ್ಲಿನ ಮೂಲೆ ಚೂರು ಮುರಿದಿತ್ತು, ಅಷ್ಟೇ. ಡ್ರಿಲ್ ಕೂಡ ಮುಟ್ಟಿಸಿಲ್ಲ. ಆಮ್ಲದ ಜೆಲ್ ಹಚ್ಚಿ ಮೇಲ್ಮೈ ಒರಟು ಮಾಡಿ, ಅಂಟು ಸವರಿ, ಕಾಂಪೋಸಿಟನ್ನ, ಅಂದ್ರೆ ಹಲ್ಲಿನ ಬಣ್ಣದ ಮೇಣದಂಥ ಪದಾರ್ಥವನ್ನ, ಪದರ ಪದರವಾಗಿ ಕೂರಿಸಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದೆ. ಒಂದೂವರೆ ಗಂಟೆ ಕೆಲಸ. ಇದ್ದ ಹಲ್ಲು ಒಂದು ಧೂಳಿನಷ್ಟೂ ಸವೆಸಲಿಲ್ಲ. ಅಂಥದ್ದಕ್ಕೆ ಎಕ್ಸ್‌ರೇ ಯಾಕೆ ಅಂತ ಬಿಟ್ಟೆ."

"ನಿಮ್ಮ ಕೆಲಸ ಅಂತ ಹೇಗೆ ಗೊತ್ತಾಯ್ತು?"

"ಅವರ ಪಕ್ಕದ ಹಲ್ಲಿನ ಮೇಲೆ ಹುಟ್ಟಿನಿಂದ ಒಂದು ಬಿಳಿ ಚುಕ್ಕೆ ಇತ್ತು. ಜೋಡಿಯಾಗಿ ಕಾಣಲಿ ಅಂತ ಇದರ ಪದರದೊಳಗೂ ಒಂದು ಚುಕ್ಕೆ ಇಟ್ಟಿದ್ದೆ. ನೀವು ಕಳಿಸಿದ ಫೋಟೊದಲ್ಲಿ ಅದೇ ಚುಕ್ಕೆ, ಅದೇ ಜಾಗ."

"ಚುಕ್ಕೆಯ ಫೋಟೊ ನಿಮ್ಮ ಕಂಪ್ಯೂಟರಲ್ಲಿದೆ. ಪಾಸ್‌ವರ್ಡ್?"

ಆಕೆ ನೆಲ ನೋಡಿದಳು. "ಕ್ಲಿನಿಕ್ ಫೋನ್ ನಂಬರು."

"ಅದು ಹೊರಗಡೆ ಬೋರ್ಡ್ ಮೇಲೇ ಇದೆ."

"ಹೌದು."

ಪೇದೆ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದಳು. ಇನ್ಸ್‌ಪೆಕ್ಟರ್ ನಗಲಿಲ್ಲ. ಅವರ ದವಡೆ ಬಿಗಿದುಕೊಂಡೇ ಇರುತ್ತಿತ್ತು. ಕೆಳಸಾಲಿನ ಹಲ್ಲು ಸವೆದು ಸಮತಟ್ಟಾಗಿರುವುದನ್ನು ಆಕೆ ಬೆಳಿಗ್ಗೆಯೇ ಗಮನಿಸಿದ್ದಳು. ರಾತ್ರಿ ಹಲ್ಲು ಕಡಿಯುವ ಮನುಷ್ಯ.

"ನೋಡಿ, ನನಗೆ ಎರಡೇ ದಾರಿ," ಎಂದರು ಅವರು. "ಒಂದು, ಆ ಮಾಲೀಕ ನಿಮ್ಮ ಜೊತೆ ಮಾತಾಡಿಕೊಂಡು ಸತ್ತ ನಾಟಕ ಆಡಿದ. ಯಾರದೋ ಹೆಣಕ್ಕೆ ನೀವು ಅವನ ಹಲ್ಲು ಮಾಡಿಕೊಟ್ರಿ. ಎರಡು, ಬೇರೆ ಯಾರೋ ನಿಮ್ಮ ಕೈಚಳಕ ಕದ್ದಿದ್ದಾರೆ. ಮೊದಲನೇದಕ್ಕೆ ನನ್ನ ಹತ್ರ ನಿಮ್ಮ ಸಹಿ ಇದೆ. ಎರಡನೇದಕ್ಕೆ ಏನೂ ಇಲ್ಲ."

"ಹಲ್ಲು ನನ್ನ ಕೈಗೆ ಕೊಡಿ. ಫೋಟೊ ಅಲ್ಲ, ಹಲ್ಲು."

"ಅದಕ್ಕೇ ತಂದಿದ್ದು."

ಪೇದೆ ಮೊಬೈಲ್ ಹಿಡಿದು ಚಿತ್ರೀಕರಣ ಶುರು ಮಾಡಿದಳು. ಇನ್ಸ್‌ಪೆಕ್ಟರ್ ಅರಗು ಒಡೆದರು. ವೈದ್ಯೆ ಕೈಗವಸು, ಮಾಸ್ಕ್ ಹಾಕಿ, ಭೂತಗಾಜಿನ ಕನ್ನಡಕ ಏರಿಸಿ, ಕುರ್ಚಿಯ ಮೇಲಿನ ದೀಪ ಹತ್ತಿರ ಎಳೆದಳು.

ಹಲ್ಲು ಬೆರಳ ನಡುವೆ ಹಗುರವಾಗಿತ್ತು. ಒಣಗಿ ಸುಣ್ಣದ ಹಾಗೆ ಬೆಳ್ಳಗಿತ್ತು. ಮೂಲೆಯ ತೇಪೆಯನ್ನು ಹುಡುಕಿದಳು. ಸಿಗಲಿಲ್ಲ. ಕಡ್ಡಿಯಂಥ ಉಪಕರಣದ ತುದಿಯಿಂದ ಸವರಿ ನೋಡಿದಳು. ಬಿಳಿ ಚುಕ್ಕೆಯ ಗುರುತಿನಿಂದ ಜಾಗ ಊಹಿಸಬೇಕಾಯಿತೇ ಹೊರತು, ಎಲ್ಲಿ ಹಲ್ಲು ಮುಗಿದು ಎಲ್ಲಿ ಕಾಂಪೋಸಿಟ್ ಶುರುವಾಗುತ್ತದೆ ಎಂಬ ಗೆರೆ ಕಣ್ಣಿಗೆ ಬೀಳಲಿಲ್ಲ. ಬಣ್ಣಕ್ಕೆ ಬಣ್ಣ ಕೂಡಿತ್ತು.

ಮೊದಲು ಅನ್ನಿಸಿದ್ದು ಹೊಟ್ಟೆಕಿಚ್ಚು. ಎಂಥ ಕೆಲಸ!

ಆಮೇಲೆ ಹೊಳೆಯಿತು: ಗೆರೆ ಕಾಣಲೇಬೇಕಿತ್ತು.

"ಸರ್," ಎಂದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಇದು ನನ್ನ ಕೆಲಸ ಅಲ್ಲ."

"ಅದನ್ನ ಬೆಳಿಗ್ಗೆಯಿಂದ ಹೇಳ್ತಿದ್ದೀರಿ."

"ಈಗ ತೋರಿಸಿಕೊಡ್ತೀನಿ. ಹಲ್ಲು ಒಣಗಿದ್ರೆ ಬೆಳ್ಳಗಾಗುತ್ತೆ. ಬಾಯಿ ತೆರೆದುಕೊಂಡು ಹತ್ತು ನಿಮಿಷ ಕೂತಿರಿ, ನಿಮ್ಮ ಮುಂಬಲ್ಲೂ ಆಗುತ್ತೆ. ಎನಾಮಲ್ ಒಳಗೆ ಸೂಕ್ಷ್ಮ ಸಂದುಗಳಿವೆ, ಅದರಲ್ಲಿರೋ ನೀರು ಹಾರಿಹೋಗಿ ಗಾಳಿ ತುಂಬಿಕೊಳ್ಳುತ್ತೆ. ಅದಕ್ಕೇ ಪೇಷಂಟ್ ಕೂತ ತಕ್ಷಣ, ಬೇರೆ ಯಾವುದಕ್ಕೂ ಕೈ ಹಾಕದೆ, ಎಂಜಲಲ್ಲಿ ಹಲ್ಲು ಒದ್ದೆ ಇರುವಾಗಲೇ ನಾವು ಬಣ್ಣ ಆರಿಸೋದು. ತಡ ಮಾಡಿದ್ರೆ ಕೆಟ್ಟೆವು. ಒಣಗಿದ ಹಲ್ಲಿಗೆ ಹೊಂದಿಸಿದ ತೇಪೆ, ಪೇಷಂಟ್ ಮನೆ ಸೇರೋ ಹೊತ್ತಿಗೆ ಸುಣ್ಣ ಬಳಿದ ಹಾಗೆ ಎದ್ದು ಕಾಣುತ್ತೆ."

"ಕಾಂಪೋಸಿಟ್ ಒಣಗೋದಿಲ್ವಾ?"

"ಒಣಗಿದ್ರೂ ನೆನೆದ್ರೂ ಅದರ ಬಣ್ಣ ಅದೇ."

ಇನ್ಸ್‌ಪೆಕ್ಟರ್ ಹಲ್ಲಿನ ಕಡೆ ಬಗ್ಗಿದರು. ದವಡೆ ಒಮ್ಮೆ ಅಲುಗಾಡಿತು. "ಅಂದ್ರೆ ನೀವು ಬದುಕಿದ್ದವನ ಬಾಯಲ್ಲಿ, ಒದ್ದೆ ಹಲ್ಲಿಗೆ ಹೊಂದಿಸಿ ಮಾಡಿದ ಕೆಲಸ ಆಗಿದ್ರೆ..."

"ಹೆಣದಲ್ಲಿ ಹಲ್ಲು ಬೆಳ್ಳಗಾಗಿ, ನನ್ನ ತೇಪೆ ಮಾತ್ರ ಹಳದಿಯಾಗಿ ಉಳೀಬೇಕಿತ್ತು."

"ಉಳಿದಿಲ್ಲ."

"ಉಳಿದಿಲ್ಲ. ಇದನ್ನ ಮಾಡಿದವರು ಒಣಗಿದ ಹಲ್ಲು ನೋಡಿ ಬಣ್ಣ ಆರಿಸಿದ್ದಾರೆ. ಆ ಮನುಷ್ಯ ಸತ್ತ ಮೇಲೆ."

"ಇದು ಮೂರು ವಾರದ ಹಿಂದೆ ಯಾಕೆ ಹೊಳೆಯಲಿಲ್ಲ?"

ಆಕೆ ಹಲ್ಲನ್ನು ಬಟ್ಟೆಯ ಮೇಲಿಟ್ಟಳು. "ನನ್ನ ಫೈಲಿನ ಫೋಟೊದಲ್ಲಿ ಗೆರೆ ಕಾಣಲ್ಲ. ನಿಮ್ಮ ಫೋಟೊದಲ್ಲೂ ಕಾಣಲಿಲ್ಲ. ಎರಡೂ ಒಂದೇ ಅಂದುಕೊಂಡೆ. ಒಂದು ಒದ್ದೆ, ಒಂದು ಒಣಗಿದ್ದು ಅನ್ನೋದು ತಲೆಗೆ ಬರಲಿಲ್ಲ. ನನ್ನ ಕೆಲಸ ಎಷ್ಟು ಚೆನ್ನಾಗಿ ಉಳಿದಿದೆ ಅಂತ ಖುಷಿಪಟ್ಟೆ. ತಪ್ಪು ನನ್ನದೇ."

"ಕೋರ್ಟಿಗೆ ನಿಮ್ಮ ಖುಷಿ ಬೇಡ. ಕಣ್ಣಿಗೆ ಕಾಣೋದು ಬೇಕು."

"ಹಲ್ಲನ್ನ ಸಲೈನಲ್ಲಿ ನೆನೆಸೋಣ. ಪೂರ್ತಿ ಬಣ್ಣ ವಾಪಸ್ ಬರೋಕೆ ಒಂದು ದಿನವೇ ಬೇಕು. ಆದ್ರೆ ವ್ಯತ್ಯಾಸ ಕಾಣೋಕೆ ಮುಕ್ಕಾಲು ಗಂಟೆ ಸಾಕು. ನಾನು ಹೇಳಿದ್ದು ನಿಜವಾದ್ರೆ ಹಲ್ಲು ಹಳದಿಗೆ ತಿರುಗಿ ಮೂಲೆ ಮಾತ್ರ ಬೆಳ್ಳಗೆ ಉಳಿಯುತ್ತೆ."

"ಸುಳ್ಳಾದ್ರೆ?"

"ನಾನು ನಿಮ್ಮ ಜೀಪಲ್ಲಿ ಕೂತಿರ್ತೀನಿ."

ನಾಲ್ಕು ಕಡೆಯಿಂದ ಫೋಟೊ ತೆಗೆಸಿದ ಮೇಲೆ ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಗಾಜಿನ ಪುಟ್ಟ ಬಟ್ಟಲಿಗೆ ಸಲೈನ್ ಸುರಿದು ಆಕೆ ಹಲ್ಲನ್ನು ಇಳಿಸಿದಳು. ಗಂಟೆ ಮೂರೂ ಇಪ್ಪತ್ತೆಂಟು.

ಬೆಳಗಿನಿಂದ ಮೊದಲ ಸಲ ಆಕೆ ಪೂರ್ತಿ ಉಸಿರೆಳೆದುಕೊಂಡಳು.

"ಮೇಡಂ," ಎಂದಳು ಪೇದೆ ಸ್ಟೂಲಿನಿಂದಲೇ, "ನನ್ನ ದವಡೆ ಹಲ್ಲು ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ. ಇದೆಲ್ಲ ಮುಗಿದ ಮೇಲೆ ಒಂಚೂರು..."

"ಇದೆಲ್ಲ ಮುಗಿದ ಮೇಲೆ ಅವರು ಎಲ್ಲಿರ್ತಾರೋ ನೋಡಿಕೊಂಡು ಹೋಗಮ್ಮ," ಎಂದರು ಇನ್ಸ್‌ಪೆಕ್ಟರ್. ಆಮೇಲೆ ವೈದ್ಯೆಯ ಕಡೆ ತಿರುಗಿ, "ಸರಿ, ನಿಮ್ಮ ಕೈ ಅಲ್ಲ. ಹಾಗಾದ್ರೆ ಯಾರ ಕೈ? ಊರಲ್ಲಿ ಇಷ್ಟು ಚೆನ್ನಾಗಿ ಮಾಡೋರು ಎಷ್ಟು ಜನ?"

"ನನ್ನನ್ನೂ ಸೇರಿಸಿದ್ರೆ ಮೂರು."

"ಇನ್ನಿಬ್ಬರ ಹೆಸರು ಕೊಡಿ."

"ಕೊಡಬಹುದು. ಆದ್ರೆ ಅವರಲ್ಲ." ಆಕೆ ಈಗ ಹುರುಪಿನಲ್ಲಿದ್ದಳು, ಕಷ್ಟದ ಕೇಸೊಂದು ಬಿಡಿಸಿಕೊಳ್ಳುತ್ತಿರುವಾಗಿನ ಹುರುಪು. "ಹಲ್ಲಿನ ಡಾಕ್ಟರು ಯಾರೇ ಆಗಿದ್ರೂ ಮೊದಲು ಅದನ್ನ ಒದ್ದೆ ಮಾಡ್ತಿದ್ರು. ಕಾಲೇಜಿನ ಎರಡನೇ ವರ್ಷದಿಂದ ಬೈಸಿಕೊಂಡು ಬೈಸಿಕೊಂಡು ಕೈಗೆ ಹತ್ತಿರೋ ಅಭ್ಯಾಸ ಅದು. ಯೋಚನೆಯೇ ಬೇಕಾಗಿಲ್ಲ. ಇನ್ನೊಂದು ನೋಡಿ, ಸರ್. ಹಲ್ಲಿನ ಹಿಂಭಾಗ. ನಾಲಿಗೆ ಕಡೆಯದು. ಅದಕ್ಕೂ ಮುಂಭಾಗದಷ್ಟೇ ಹೊಳಪು ಕೊಟ್ಟಿದ್ದಾರೆ."

"ಕೊಡಬಾರದಾ?"

"ಕೊಡಬಹುದು, ಆದ್ರೆ ಇಷ್ಟು ಚೆನ್ನಾಗಿ ಆಗೋದಿಲ್ಲ. ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು, ತಲೆ ಬಗ್ಗಿಸಿ, ನಾಲಿಗೆ ತಳ್ಳಿಕೊಂಡು ಮಾಡಬೇಕು. ಎಲ್ಲರದ್ದೂ ಅಲ್ಲಿ ಒಂಚೂರು ಒರಟು ಉಳಿಯುತ್ತೆ. ಇದನ್ನ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ಮಾಡಿದ್ದಾರೆ."

ಇನ್ಸ್‌ಪೆಕ್ಟರ್ ತಮ್ಮ ಪುಸ್ತಕದಲ್ಲಿ ಹಿಂದಿನ ಪುಟಗಳಿಗೆ ಹೋದರು. "ಶವಾಗಾರದ ಡಾಕ್ಟರು ಒಂದು ಮಾತು ಹೇಳಿದ್ರು. ನಾನೇ ಲೆಕ್ಕಕ್ಕೆ ತಗೊಂಡಿರಲಿಲ್ಲ. ಬೇರೆ ಹಲ್ಲು ಕೀಳೋಕೆ ಇಕ್ಕಳ ಬೇಕಾಯ್ತಂತೆ. ಇದು ಮಾತ್ರ ಮುಟ್ಟಿದ ಕೂಡಲೇ ಕೈಗೆ ಬಂತಂತೆ."

"ಅಂದ್ರೆ ಮೊದಲೇ ಕಿತ್ತಿದ್ರು. ಎಲ್ಲಿಗೋ ತಗೊಂಡು ಹೋಗಿ, ರಿಪೇರಿ ಮಾಡಿಸಿ, ಮತ್ತೆ ಅದೇ ಕುಳಿಗೆ ಸಿಕ್ಕಿಸಿದ್ದಾರೆ."

"ಎಲ್ಲಿಗೆ?"

"ಕೈಚಳಕ ಇದ್ದು, ಬಾಯಿಯ ಗೊಡವೆಯೇ ಇಲ್ಲದವರ ಹತ್ರ. ಎಂಜಲು, ನಾಲಿಗೆ, ರಕ್ತ ಏನೂ ಇಲ್ಲ. ಎದುರಿಗೆ ಒಣ ಹಲ್ಲು, ಒಣ ಅಚ್ಚು. ಕಣ್ಣಿಗೆ ಕಂಡ ಬಣ್ಣಕ್ಕೆ ಬಣ್ಣ ಕೂಡಿಸೋದಷ್ಟೇ ಕೆಲಸ. ದಿನವಿಡೀ ಹಲ್ಲನ್ನ ಕೈಯಲ್ಲೇ ಹಿಡಿದು..."

ಆಕೆಯ ಕಣ್ಣು ಗೂಡಿನ ಮೇಲೆ ಬಿತ್ತು.

ಗೋಡೆಯಾಚೆ ಮೋಟಾರು ಗುಂಯ್‌ಗುಡುತ್ತಿತ್ತು. ಒಮ್ಮೆ ಏರಿ, ಒಮ್ಮೆ ಇಳಿದು. ಪೋರ್ಸಲಿನ್ ಹಲ್ಲಿನ ಹಿಂಭಾಗಕ್ಕೆ ಹೊಳಪು ಕೊಡುವಾಗ ಅದು ಹೀಗೇ ಏರಿಳಿಯುತ್ತಿತ್ತು. ಹದಿನಾಲ್ಕು ವರ್ಷದಿಂದ ಕೇಳಿದ ಸದ್ದು.

"ಹೇಳಿ," ಎಂದರು ಇನ್ಸ್‌ಪೆಕ್ಟರ್.

"ಅಷ್ಟೇ."

"ವಾಕ್ಯ ಅರ್ಧಕ್ಕೆ ನಿಂತಿತು."

"ಯಾರು ಅಂತ ನನಗೆ ಗೊತ್ತಿಲ್ಲ ಸರ್. ಹಾಗೆ ಯಾರೋ ಇರಬಹುದು ಅಂದೆ."

ಅವರು ಏನೂ ಬರೆದುಕೊಳ್ಳಲಿಲ್ಲ. ಪೆನ್ನನ್ನು ಪುಸ್ತಕದ ನಡುವೆ ಇಟ್ಟು, ಪುಸ್ತಕ ಮುಚ್ಚಿ, ಆಕೆಯನ್ನೇ ನೋಡುತ್ತ ಕೂತರು. ಅದು ಪ್ರಶ್ನೆಗಿಂತ ಕೆಟ್ಟದಾಗಿತ್ತು.

ವೈದ್ಯೆ ಬಟ್ಟಲಿನ ಕಡೆ ತಿರುಗಿದಳು. ಹದಿನೈದು ನಿಮಿಷ ಕಳೆದಿತ್ತು. ಬೇರಿನ ಹತ್ತಿರ, ವಸಡಿಗೆ ತಾಗುವ ಅಂಚಿನಲ್ಲಿ, ಸುಣ್ಣದ ಬಿಳುಪು ಕರಗಿ ಎಳೆ ಹಳದಿ ಇಣುಕಲು ಶುರುವಾಗಿತ್ತು. ಕಾಲು ಗಂಟೆಯ ಹಿಂದೆ ಬೇಗ ಬಣ್ಣ ತಿರುಗಲಿ ಎಂದು ಬೇಡಿಕೊಂಡಿದ್ದಳು. ಈಗ ಅದೇ ಹಲ್ಲು ಹಾಗೇ ಬೆಳ್ಳಗೆ ಉಳಿದುಬಿಡಲಿ ಎಂದು ಬೇಡಿಕೊಳ್ಳುತ್ತಿದ್ದಳು. ತಿರುಗಿದರೆ ಗಂಡ ಹೋಗುತ್ತಾನೆ. ತಿರುಗದಿದ್ದರೆ ತಾನು. ಬಟ್ಟಲಿಗೆ ಇಬ್ಬರ ಹಂಗೂ ಇರಲಿಲ್ಲ. ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಮೋಟಾರು ನಿಂತಿತು.

ಪಕ್ಕದ ಬಾಗಿಲು ತೆರೆದು ಗಂಡ ಒಳಗೆ ಬಂದ. ಅಂಗಿಯ ತೋಳಿನವರೆಗೆ ಪ್ಲಾಸ್ಟರಿನ ಬಿಳಿ ಧೂಳು, ಹಣೆಯ ಮೇಲೆ ಏರಿಸಿದ ಕನ್ನಡಕ. ಕಡಿಮೆ ಮಾತಿನ ಮನುಷ್ಯ. ಪೊಲೀಸರು ಕ್ಲಿನಿಕ್‌ನಲ್ಲಿದ್ದರೂ ಅವನ ಕೆಲಸ ನಿಂತಿರಲಿಲ್ಲ. ಸೋಮವಾರಕ್ಕೆ ಕೊಡಬೇಕಾದ ಮೂರು ಕಟ್ಟುಹಲ್ಲು ಬಾಕಿ ಇದ್ದವು.

"ಏನಾದ್ರೂ ತಿಂದ್ಯಾ?" ಎಂದ ಹೆಂಡತಿಗೆ.

"ಇಲ್ಲ ರೀ. ನೀವು ಒಳಗೆ ಹೋಗಿ."

"ಇರಲಿ ಬಿಡಿ," ಎಂದರು ಇನ್ಸ್‌ಪೆಕ್ಟರ್. "ಬನ್ನಿ, ಇದನ್ನ ನೋಡಿ. ನಿಮ್ಮ ಮನೆಯವರು ಒಂದು ಪ್ರಯೋಗ ಮಾಡ್ತಿದ್ದಾರೆ."

ಗಂಡ ಬಟ್ಟಲಿನ ಮೇಲೆ ಬಗ್ಗಿದ. ಆಕೆ ಅವನ ಮುಖವನ್ನೇ ನೋಡಿದಳು. ಕಣ್ಣರೆಪ್ಪೆ ಒಮ್ಮೆ ಹೊಡೆದುಕೊಂಡಿತು. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಾನು ಕಟ್ಟಿದ ಹಲ್ಲನ್ನು ಅವನು ಸಾವಿರದಲ್ಲೂ ಗುರುತಿಸುತ್ತಾನೆ. ಗುರುತಿಸಿದಾಗ ಅವನ ರೆಪ್ಪೆ ಹೀಗೇ ಹೊಡೆದುಕೊಳ್ಳುತ್ತದೆ.

"ನೀರಲ್ಲಿ ಯಾಕೆ ಹಾಕಿದ್ದೀಯ?" ಎಂದ, ನಿಜಕ್ಕೂ ಅರ್ಥವಾಗದವನ ಹಾಗೆ. "ಒಣಗಿದ ಹಲ್ಲಿಗೆ ನೀರ್ಯಾಕೆ? ಬಣ್ಣ ಕೆಡಲ್ವಾ?"

ಆಕೆ ಕಣ್ಣು ಮುಚ್ಚಿಕೊಂಡಳು.

ಇನ್ಸ್‌ಪೆಕ್ಟರ್ ಏನೋ ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಹುಬ್ಬು ಗಂಟಿಕ್ಕಿ ಎದ್ದರು. "ಬಟ್ಟಲು ಯಾರೂ ಮುಟ್ಟಬಾರದು," ಎಂದು ಪೇದೆಗೆ ಹೇಳಿ, ಷಟರ್ ಕೆಳಗೆ ಬಗ್ಗಿ ಹೊರಗೆ ಹೋದರು. ಬೀದಿಯಲ್ಲಿ ಅವರ ಬೂಟು ಆ ಕಡೆ ಈ ಕಡೆ ನಡೆದಾಡತೊಡಗಿದವು.

ವೈದ್ಯೆ ಕುರ್ಚಿಯ ಪಕ್ಕದ ಸಕ್ಷನ್ ಯಂತ್ರದ ಗುಂಡಿ ಒತ್ತಿದಳು. ಎಂಜಲು ಎಳೆಯುವ ಪೈಪು ಬುಸ್ಸೆಂದು ಕಿರುಚಿತು.

"ಏನದು ಮೇಡಂ?" ಎಂದಳು ಪೇದೆ.

"ಪೈಪ್ ಕಟ್ಟಿಕೊಳ್ಳದ ಹಾಗೆ ದಿನಾ ಓಡಿಸಬೇಕಮ್ಮ."

ಪೇದೆ ತಲೆಯಾಡಿಸಿ ಬಟ್ಟಲಿನ ಮೇಲೆ ಕಣ್ಣಿಟ್ಟಳು. ಗದ್ದಲದ ಮರೆಯಲ್ಲಿ ಆಕೆ ಗಂಡನ ಪಕ್ಕ ಸರಿದಳು. ಮುಖ ಬಟ್ಟಲಿನ ಕಡೆಗೇ ಇತ್ತು, ಮಾಸ್ಕಿನ ಹಿಂದೆ ತುಟಿ ಕಾಣುತ್ತಿರಲಿಲ್ಲ.

"ನೀವು ಮಾಡಿದ್ದು."

"ಹೂಂ."

"ಯಾರು ಹೇಳಿದ್ರು?"

ಅವನು ಬೆಚ್ಚಿ ನೋಡಿದ. "ನೀನೇ."

"ಏನು ಹೇಳ್ತಿದ್ದೀರಿ ರೀ?"

"ಚೀಟಿ ಬಂದಿತ್ತಲ್ಲ! 'ಫೋಟೊದಲ್ಲಿರೋ ಹಾಗೆ ಮೂಲೆ ಕಟ್ಟಿಕೊಡಿ.' ಡಬ್ಬಿಯೊಳಗೆ ಹತ್ತೀಲಿ ಸುತ್ತಿ ಹಲ್ಲು ಇಟ್ಟಿತ್ತು. ಜೊತೆಗೆ ನಿನ್ನ ಕಾಂಪೋಸಿಟ್ ಸಿರಿಂಜು. ಗೂಡಿನಲ್ಲಿ. ಕೆಳಗೆ ನಿನ್ನ ಸಹಿ."

"ನಾನು ಇಡಲಿಲ್ಲ."

"ಮುಂದಿನ ತಿಂಗಳು ಕಾಲೇಜಲ್ಲಿ ನೀನು ಪಾಠ ಮಾಡೋದಿದೆಯಲ್ಲ, ಅದಕ್ಕೆ ತೋರಿಸೋಕೆ ಮಾದರಿ ಅಂದ್ಕೊಂಡೆ." ಅವನು ಬಟ್ಟಲಿನತ್ತ ನೋಡಿದ. "ಎರಡು ದಿನ ಕೂತು ಮಾಡ್ದೆ. ನಿನಗಿಂತ ಚೆನ್ನಾಗಿ ಬರಬೇಕು ಅಂತ ಹಟ ಇತ್ತು. ನೀನು ಏನಾದ್ರೂ ಹೇಳ್ತೀಯ ಅಂತ ಕಾದೆ. ನೀನು ಏನೂ ಹೇಳಲಿಲ್ಲ. ಸರಿ ಬರಲಿಲ್ಲವೇನೋ ಅಂತ ಸುಮ್ಮನಾದೆ."

ಅವನು ಮಾತಾಡದ್ದು, ತಾನು ಕೇಳದ್ದು. ಗೋಡೆಯ ಒಂದು ಗೂಡು, ಅದರಲ್ಲಿ ಯಾರೋ ಕೈ ಹಾಕಿದ್ದರು.

"ನಾನು ಪೊಲೀಸರಿಗೆ ಬರೆದುಕೊಟ್ಟಾಗ?"

"ಹೆಣ ಗುರುತಿಸಿದೆ ಅಂದೆ. ಯಾವ ಹಲ್ಲು, ಏನು ಅಂತ ಹೇಳಿದ್ಯಾ? ಇವತ್ತು, ಈಗ, ಇಲ್ಲಿ ನೋಡ್ದೆ."

"ಸಹಿ ನಂದೇ?"

"ನಿನ್ನ ಸಹಿ ನನಗೆ ಗೊತ್ತಾಗಲ್ವೇನೆ?"

ಗೊತ್ತಾಗುತ್ತದೆ. ಸಹಿ ಅವಳದೇ ಆಗಿರುತ್ತದೆ. ಬಾಯಿಗೆ ಕೈ ಹಾಕಿದಾಗ ಪೆನ್ನು ಹಿಡಿಯಲಾಗುವುದಿಲ್ಲ ಎಂದು, ತಿಂಗಳ ಮೊದಲ ದಿನ ಕೂತು ಇಡೀ ಚೀಟಿ ಪುಸ್ತಕಕ್ಕೆ ಖಾಲಿ ಸಹಿ ಹಾಕಿಡುತ್ತಿದ್ದಳು. ಪುಸ್ತಕ ಮುಂದಿನ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಎಷ್ಟು ಜನ ಆ ಮೇಜಿಗೆ ಒರಗಿ ನಿಂತಿದ್ದರೋ! ಪೇಷಂಟುಗಳು, ಔಷಧಿ ಕಂಪನಿಯವರು, ಯಂತ್ರ ರಿಪೇರಿಯವರು. ಚಿತ್ರಮಂದಿರದ ಮಾಲೀಕನೂ ನಿಂತಿದ್ದ.

"ಚೀಟಿ ಎಲ್ಲಿದೆ?"

"ಮೊಳೆಗೆ ಚುಚ್ಚಿದ್ದೀನಿ, ಎಲ್ಲ ಚೀಟಿ ಜೊತೆ." ಅವನ ದನಿ ಇನ್ನೂ ತಗ್ಗಿತು. "ಅದನ್ನ ಅವರಿಗೆ ಕೊಟ್ರೆ ನಾನು ಉಳಿಯಬಹುದು. ಚೀಟಿ ಬಂತು, ಮಾಡ್ದೆ, ಅಷ್ಟೇ."

"ನನ್ನ ಸಹಿ ಇದೆ. ನಾನು ಹೋಗ್ತೀನಿ."

"ಅದಕ್ಕೇ ಸುಟ್ಟು ಹಾಕ್ತೀನಿ."

"ಸುಟ್ರೆ ನೀವೇ ಮಾಡಿದ್ದು ಅಂತಾಗುತ್ತೆ. ಬೇಡ. ನಾನು ನೋಡಬೇಕು. ಗೂಡಿನಲ್ಲಿಡಿ."

ಅವನು ಒಂದು ಕ್ಷಣ ನಿಂತ. ಧೂಳು ಮೆತ್ತಿದ ಕೈ ಎತ್ತಿ, ಆಕೆಯ ಮೊಣಕೈ ಮುಟ್ಟಿ, ಲ್ಯಾಬಿಗೆ ಹೋದ. ಪೇದೆ ತಲೆ ಎತ್ತಿದಳು, ಮತ್ತೆ ಬಟ್ಟಲು ನೋಡಿದಳು. "ಮೇಡಂ, ಇದು ನಿಜವಾಗ್ಲೂ ಬಣ್ಣ ಬದಲಾಯಿಸ್ತಿದೆ!" ಎಂದು ಮಕ್ಕಳ ಹಾಗೆ ಕೂಗಿದಳು.

ಗೂಡಿನ ಆಚೆ ಬಾಗಿಲು ಸರಿದ ಸದ್ದು. ಆಕೆ ಕೈಗವಸು ಬದಲಿಸುವ ನೆಪದಲ್ಲಿ ಅತ್ತ ಹೋದಳು. ಮಧ್ಯದಲ್ಲಿ ಮೊಳೆಯ ತೂತಿದ್ದ ಹಳದಿ ಚೀಟಿ. ಕೆಳಗೆ ತನ್ನದೇ ಸಹಿ, ಅವಸರದ್ದು, ಕೊನೆಯ ಅಕ್ಷರ ಬಾಲ ಎಳೆದುಕೊಂಡದ್ದು. ಮೇಲಿನ ಬರಹ ಅಚ್ಚಿನ ಅಕ್ಷರದ ಹಾಗೆ ಬಿಡಿಬಿಡಿಯಾಗಿತ್ತು, ಯಾರದೆಂದು ಹೇಳಲಾಗದಂಥದ್ದು.

ಸಂಖ್ಯೆಯ ಜಾಗದಲ್ಲಿ ಒಂದು ಎಂದಿರಲಿಲ್ಲ.

"ಹಲ್ಲು: ಎರಡು. ಫೋಟೊ ಒಂದರಂತೆ ಮೊದಲನೆಯದು. ಫೋಟೊ ಎರಡರಂತೆ ಎರಡನೆಯದು."

ಗೂಡಿಗೆ ಬಾಯಿ ಹಚ್ಚಿ ಕೇಳಿದಳು. "ಎರಡು ಹಲ್ಲು ಬಂದಿತ್ತಾ?"

"ಹೂಂ." ಆಚೆಯಿಂದ ಅವನ ಕಣ್ಣು ಮಾತ್ರ ಕಾಣುತ್ತಿತ್ತು. "ಮೊದಲನೇದು ಎರಡು ದಿನದಲ್ಲಿ ಮುಗಿಸಿ ಇಟ್ಟೆ. ಎರಡನೇದು ಕಷ್ಟ ಇತ್ತು, ನಿಧಾನವಾಯ್ತು. ಮೊನ್ನೆ ಇಟ್ಟೆ. ಬೆಳಿಗ್ಗೆ ನೋಡಿದ್ರೆ ಗೂಡು ಖಾಲಿ. ನೀನೇ ತಗೊಂಡೆ ಅಂದ್ಕೊಂಡೆ."

"ಮೊನ್ನೆ!"

"ಎರಡನೇ ಫೋಟೊ ನೋಡಿದ ಮೇಲೇ ನನಗೆ ಇದು ನೀನೇ ಕಳಿಸಿದ್ದು ಅಂತ ಖಾತ್ರಿಯಾಗಿದ್ದು. ಇಲ್ಲದಿದ್ರೆ ಒಂದು ಮಾತು ಕೇಳ್ತಿದ್ದೆ."

"ಯಾಕೆ? ಯಾರ ಫೋಟೊ ಅದು?"

"ಆ ಯಂತ್ರ ನಿಲ್ಲಿಸ್ರೀ!" ಷಟರ್ ಹತ್ತಿರದಿಂದ ಇನ್ಸ್‌ಪೆಕ್ಟರ್ ಗುಡುಗಿದರು.

ಆಕೆ ಚೀಟಿಯನ್ನು ಎಡಗೈ ಮುಷ್ಟಿಯಲ್ಲಿ ಮಡಚಿಕೊಂಡು ತಿರುಗಿದಳು. ಪೇದೆ ಗುಂಡಿ ಒತ್ತಿದ್ದಳು. ಸಕ್ಷನ್ ನಿಟ್ಟುಸಿರಿಟ್ಟು ನಿಂತಿತು. ಗೂಡಿನ ಆಚೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಇನ್ಸ್‌ಪೆಕ್ಟರ್ ನೇರವಾಗಿ ಬಟ್ಟಲಿನ ಹತ್ತಿರ ಹೋದರು. ನಾಲ್ಕೂ ಹದಿಮೂರು. ಹಲ್ಲು ದಂತದ ಬಣ್ಣಕ್ಕೆ ತಿರುಗಿತ್ತು. ಮೂಲೆ ಮಾತ್ರ ಸುಣ್ಣದ ಚೂರಿನ ಹಾಗೆ ಬೆಳ್ಳಗೆ, ಕತ್ತರಿಸಿ ಅಂಟಿಸಿದಷ್ಟು ಸ್ಪಷ್ಟವಾಗಿ ಎದ್ದು ನಿಂತಿತ್ತು.

"ನೀವು ಹೇಳಿದ್ದು ನಿಜ," ಎಂದರು. ಆದರೆ ಅವರ ಮುಖದಲ್ಲಿ ಸಮಾಧಾನ ಇರಲಿಲ್ಲ. "ಈಗ ಇನ್ನೊಂದು ನೋಡಿಕೊಡಿ. ಬಣ್ಣದ ಕಾರ್ಖಾನೆಯ ಹಳೇ ಶೆಡ್ಡಲ್ಲಿ ಇನ್ನೊಂದು ಹೆಣ ಸಿಕ್ಕಿದೆ. ಹೆಂಗಸು. ಮುಖ ಗುರುತು ಸಿಗೋ ಹಾಗಿಲ್ಲ. ಒಂದು ಮುಂಬಲ್ಲು ರಿಪೇರಿ ಆಗಿದೆಯಂತೆ. ಮುಟ್ಟಿದ್ರೆ ಅಲುಗಾಡ್ತಿದೆಯಂತೆ."

ಅವರು ಫೋನನ್ನು ಆಕೆಯ ಮುಂದೆ ಹಿಡಿದರು.

ತೆರೆಯ ತುಂಬ ಎರಡು ಮುಂಬಲ್ಲು. ಒಂದರ ತುದಿಯಲ್ಲಿ ಓರೆಯಾಗಿ ಕೂತ ತೇಪೆ, ಅದರ ನಡುವೆ ಕೂದಲಿನಷ್ಟು ಸಣ್ಣ ಕಂದು ಗೆರೆ. ಯಾರ ಕೆಲಸ ಎಂದು ಆಕೆಗೆ ತಕ್ಷಣ ಗೊತ್ತಾಯಿತು. ಅಷ್ಟು ನವಿರಾದ ಗೆರೆ ಎಳೆಯುವ ಕೈ ಒಂದೇ, ಗೋಡೆಯಾಚೆಯದು. ಯಾರ ಹಲ್ಲು ಎಂದು ಮಾತ್ರ ಹೊಳೆಯಲಿಲ್ಲ. ಎಲ್ಲೋ ನೋಡಿದ ಹಾಗಿತ್ತು. ಬಹಳ ಸಲ ನೋಡಿದ ಹಾಗಿತ್ತು. ಎಡ ಬಲ ಅದಲುಬದಲಾದ ಹಾಗೆ.

ನಾಲಿಗೆ ತನ್ನಷ್ಟಕ್ಕೇ ಮೇಲೆದ್ದು, ಮಾಸ್ಕಿನ ಹಿಂದೆ, ತನ್ನದೇ ಮುಂಬಲ್ಲಿನ ಓರೆ ಅಂಚನ್ನು ಸವರಿತು. ಕಾಲೇಜಿಗೆ ಹೋಗುವಾಗ ಸೈಕಲ್ಲಿಂದ ಬಿದ್ದು ಮುರಿದುಕೊಂಡದ್ದು. ದಂತ ಕಾಲೇಜಿನ ಮೇಷ್ಟ್ರು ಕಟ್ಟಿಕೊಟ್ಟದ್ದು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುವುದು.

"ಯಾರದಿದು, ಡಾಕ್ಟ್ರೇ? ಗುರುತು ಸಿಕ್ತಾ?"

ಆಕೆ ಬಲಗೈಯಿಂದ ಮಾಸ್ಕನ್ನು ಕೆಳಗೆಳೆದು ತುಟಿ ಬಿಡಿಸಿದಳು. "ನಂದು."

ಇನ್ಸ್‌ಪೆಕ್ಟರ್ ಫೋನು ನೋಡಿದರು, ಆಕೆಯ ಬಾಯಿ ನೋಡಿದರು, ಮತ್ತೆ ಫೋನು ನೋಡಿದರು. ಆಮೇಲೆ ಅವರ ಸವೆದ ಹಲ್ಲು ಒಂದಕ್ಕೊಂದು ತಾಗಿದ ಸದ್ದು ಕೇಳಿಸಿತು.

"ಹೀಗೆ ಸತ್ತೋದವರನ್ನ ಯಾರೂ ಹುಡುಕಲ್ಲ, ಅಲ್ವಾ?" ಎಂದರು ಮೆಲ್ಲಗೆ. "ಚಿತ್ರಮಂದಿರದ ಮಾಲೀಕನ ಹಾಗೆ. ನೀವೂ ಹಡಗು ಹತ್ತಿ ಹೋಗಬಹುದು."

ಅವರ ಕಣ್ಣು ಆಕೆಯ ಮುಖದಿಂದ ಇಳಿದು, ತೋಳಿನುದ್ದಕ್ಕೂ ಸಾಗಿ, ಬಿಗಿದ ಮುಷ್ಟಿಯ ಹತ್ತಿರ ನಿಂತಿತು.

"ಎಡಗೈ ಮುಷ್ಟಿ ಬಿಡಿಸಿ."